ಅಮೆರಿಕದ ಗಣರಾಜ್ಯ: ಅದರ ಸ್ಥಾಪನೆ ಮತ್ತು ಮೊದಲ ಪರೀಕ್ಷೆ

ಅರಸೊತ್ತಿಗೆಯಲ್ಲಿ ಅಧಿಕಾರವು ತಂದೆಯಿಂದ ಮಗನಿಗೆ ಇಳಿದು ಬರುತ್ತದೆ. ಅರಸನು ಅಯೋಗ್ಯನಾದರೆ, ಇಲ್ಲವೆ ಅವನಿಗಿಂತ ಬಲಶಾಲಿಯಾದವನೊಬ್ಬನು ಎದುರು ನಿಂತರೆ, ಅದು ಖಡ್ಗದ ಮೂಲಕ ಕೈ ಬದಲಾಯಿಸುತ್ತದೆ. ಮನುಷ್ಯನ ಇತಿಹಾಸದ ಬಹುಭಾಗವು ಈ ಎರಡು ದಾರಿಗಳಲ್ಲಿಯೇ ಸಾಗಿ ಬಂದಿದೆ. ಗಣರಾಜ್ಯವು ಇವೆರಡನ್ನೂ ಒಲ್ಲದ ವ್ಯವಸ್ಥೆ. ಅಲ್ಲಿ ಅಧಿಕಾರವು ಹುಟ್ಟಿನಿಂದ ಬರುವಂತಿಲ್ಲ, ಬಲದಿಂದಲೂ ಬರುವಂತಿಲ್ಲ. ಜನರ ಸಮ್ಮತಿಯಿಂದ ಬರಬೇಕು, ಆ ಸಮ್ಮತಿ ತಪ್ಪಿದ ದಿನ ಬಿಟ್ಟು ಹೋಗಬೇಕು. ಬರುವುದು ಸುಲಭ, ಹೋಗುವುದು ಕಷ್ಟ. ಸೈನ್ಯ, ಖಜಾನೆ, ನ್ಯಾಯಾಲಯಗಳು ಯಾರ ಕೈಯಲ್ಲಿವೆಯೋ ಅವರು, ಮತಗಳ ಎಣಿಕೆಯಲ್ಲಿ ಸೋತೆವೆಂಬ ಒಂದೇ ಕಾರಣಕ್ಕೆ, ಅವನ್ನೆಲ್ಲ ಎದುರಾಳಿಗಳಿಗೆ ಒಪ್ಪಿಸಿ ಮನೆಗೆ ನಡೆಯಬೇಕಾದರೆ ಅವರನ್ನು ಹಾಗೆ ನಡೆಸುವ ಶಕ್ತಿ ಯಾವುದು?

ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆಯುವುದು ಒಂದು ಮಾತು, ನಡೆದು ತೋರಿಸುವುದು ಇನ್ನೊಂದು ಮಾತು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಂವಿಧಾನವು ಸಿದ್ಧವಾದದ್ದು 1787ರಲ್ಲಿ. ಅದು ನಡೆಯಲ್ಲಿ ಸಿದ್ಧಿಸಿದ್ದು 1801ರ ಮಾರ್ಚ್ 4ರಂದು, ಅಧಿಕಾರಾರೂಢ ಪಕ್ಷವೊಂದು ಮೊದಲ ಬಾರಿಗೆ ಚುನಾವಣೆಯಲ್ಲಿ ಸೋತು ಆಡಳಿತವನ್ನು ಎದುರುಪಕ್ಷಕ್ಕೆ ಬಿಟ್ಟುಕೊಟ್ಟಾಗ. ಈ ಎರಡು ದಿನಾಂಕಗಳ ನಡುವಣ ಹದಿನಾಲ್ಕು ವರ್ಷಗಳಲ್ಲಿ ಆ ಗಣರಾಜ್ಯದ ಸ್ಥಾಪಕರು ಕಲಿಯಬೇಕಾಗಿ ಬಂದ ಪಾಠವು ಸಂವಿಧಾನದ ಯಾವ ವಿಧಿಯಲ್ಲಿಯೂ ಇರಲಿಲ್ಲ. ಸರ್ಕಾರವನ್ನು ವಿರೋಧಿಸುವವನು ದೇಶದ ವೈರಿಯಲ್ಲ ಎಂಬುದೇ ಆ ಪಾಠ.

ಸಡಿಲವಾದ ಒಕ್ಕೂಟ

ಇಂಗ್ಲೆಂಡಿನ ಅಧೀನದಲ್ಲಿದ್ದ ಹದಿಮೂರು ವಸಾಹತುಗಳು 1776ರ ಜುಲೈ 4ರಂದು ಸ್ವಾತಂತ್ರ್ಯವನ್ನು ಘೋಷಿಸಿದವು. ಯುದ್ಧವು ಮುಗಿದು 1783ರಲ್ಲಿ ಪ್ಯಾರಿಸ್ ಒಪ್ಪಂದದ ಮೂಲಕ ಇಂಗ್ಲೆಂಡ್ ಅದನ್ನು ಮಾನ್ಯ ಮಾಡಿತು. ಯುದ್ಧಕಾಲದಲ್ಲಿ ಈ ಹದಿಮೂರು ಸಂಸ್ಥಾನಗಳನ್ನು ಕಟ್ಟಿ ಹಿಡಿದದ್ದು 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರು. ಅದರ ಪ್ರಕಾರ ಪ್ರತಿಯೊಂದು ಸಂಸ್ಥಾನವೂ ತನ್ನ ಸಾರ್ವಭೌಮತ್ವವನ್ನು ಉಳಿಸಿಕೊಂಡಿತ್ತು. ಎಲ್ಲಕ್ಕೂ ಸಾಮಾನ್ಯವಾದ ಸಭೆ ಒಂದಿತ್ತು. ಅದರಲ್ಲಿ ಸಂಸ್ಥಾನಕ್ಕೊಂದು ಮತ. ಆ ಸಭೆಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ಸಂಸ್ಥಾನಗಳಿಂದ ಹಣ ಬೇಡಬಹುದಾಗಿತ್ತೇ ಹೊರತು ವಸೂಲು ಮಾಡುವಂತಿರಲಿಲ್ಲ. ಪ್ರತ್ಯೇಕವಾದ ಕಾರ್ಯಾಂಗವಾಗಲಿ, ದೇಶಕ್ಕೆಲ್ಲ ಅನ್ವಯಿಸುವ ನ್ಯಾಯಾಂಗವಾಗಲಿ ಇರಲಿಲ್ಲ. ಕರಾರನ್ನು ತಿದ್ದಬೇಕಾದರೆ ಹದಿಮೂರೂ ಸಂಸ್ಥಾನಗಳ ಒಪ್ಪಿಗೆ ಬೇಕಾಗಿತ್ತು. ಆಮದು ಸರಕುಗಳ ಮೇಲೆ ನೂರಕ್ಕೆ 5ರಂತೆ ಸುಂಕ ವಿಧಿಸುವ ಸೂಚನೆಯೊಂದು ರೋಡ್ ಐಲೆಂಡ್ ಎಂಬ ಪುಟ್ಟ ಸಂಸ್ಥಾನದ ನಿರಾಕರಣೆಯಿಂದ ಬಿದ್ದುಹೋಯಿತು. ಯುದ್ಧಕ್ಕಾಗಿ ಮಾಡಿದ ಸಾಲದ ಬಡ್ಡಿಯನ್ನು ಕಟ್ಟುವುದೂ ಒಕ್ಕೂಟಕ್ಕೆ ಸಾಧ್ಯವಾಗಲಿಲ್ಲ.

ಈ ದೌರ್ಬಲ್ಯವು ಎಲ್ಲರ ಕಣ್ಣಿಗೆ ಬಿದ್ದುದು 1786ರಲ್ಲಿ. ಮ್ಯಾಸಚೂಸೆಟ್ಸ್ ಸಂಸ್ಥಾನದ ಪಶ್ಚಿಮ ಭಾಗದ ರೈತರು ಸಾಲದ ಹೊರೆಯಿಂದಲೂ, ನಾಣ್ಯದಲ್ಲಿಯೇ ತೆರಬೇಕಾಗಿದ್ದ ತೆರಿಗೆಯಿಂದಲೂ ಬಸವಳಿದಿದ್ದರು. ಜಮೀನು ಹರಾಜಿಗೆ ಬರುತ್ತಿತ್ತು. ಸಾಲಗಾರರು ಸೆರೆಮನೆ ಸೇರುತ್ತಿದ್ದರು. ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ್ದ ಡೇನಿಯಲ್ ಶೇಸ್ ಮೊದಲಾದವರ ಮುಂದಾಳುತನದಲ್ಲಿ ಅವರು ನ್ಯಾಯಾಲಯಗಳ ಬಾಗಿಲು ಮುಚ್ಚಿಸಿದರು. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರದತ್ತ ನಡೆದರು. ಅಲ್ಲಿ ನಾಲ್ವರು ಗುಂಡಿಗೆ ಬಲಿಯಾದರು, ದಂಗೆ ಅಡಗಿತು. ಆದರೆ ಅದನ್ನು ಅಡಗಿಸಿದ ಸೇನೆಗೆ ಹಣ ಒದಗಿಸಿದವರು ಬಾಸ್ಟನ್ನಿನ ವರ್ತಕರು. ಒಕ್ಕೂಟದ ಬಳಿ ಅದಕ್ಕೆ ಬೇಕಾದ ಸಾಮರ್ಥ್ಯವೇ ಇರಲಿಲ್ಲ. ಅರಸನನ್ನು ಹೊರಹಾಕಿದ ಜನರು ಅರಾಜಕತೆಯ ಅಂಚಿಗೆ ಬಂದು ನಿಂತಿದ್ದಾರೆಂಬ ಭೀತಿ ಆಸ್ತಿವಂತರಲ್ಲೂ ಮುತ್ಸದ್ದಿಗಳಲ್ಲೂ ಹರಡಿತು.

ಫಿಲಡೆಲ್ಫಿಯದ ಸಭೆ

ಈ ಭೀತಿಯ ಹಿನ್ನೆಲೆಯಲ್ಲಿ 1787ರ ಮೇ 25ರಿಂದ ಸೆಪ್ಟೆಂಬರ್ 17ರ ವರೆಗೆ ಫಿಲಡೆಲ್ಫಿಯ ನಗರದಲ್ಲಿ ಸಮಾವೇಶ ನಡೆಯಿತು. ರೋಡ್ ಐಲೆಂಡ್ ಯಾರನ್ನೂ ಕಳುಹಿಸಲಿಲ್ಲ. ಉಳಿದ ಹನ್ನೆರಡು ಸಂಸ್ಥಾನಗಳಿಂದ ಒಟ್ಟು 55 ಪ್ರತಿನಿಧಿಗಳು ಭಾಗವಹಿಸಿದರು. ಸ್ವಾತಂತ್ರ್ಯ ಸಮರದ ದಂಡನಾಯಕನಾದ ಜಾರ್ಜ್ ವಾಷಿಂಗ್‌ಟನ್ನನು ಅಧ್ಯಕ್ಷತೆ ವಹಿಸಿದನು. ಕಲಾಪವೆಲ್ಲ ಗುಟ್ಟಾಗಿ ನಡೆಯಿತು. ಒಳಗೆ ನಡೆದ ವಾದಗಳ ಅತ್ಯಂತ ವಿಸ್ತಾರವಾದ ದಾಖಲೆಯೆಂದರೆ ವರ್ಜೀನಿಯದ ಜೇಮ್ಸ್ ಮ್ಯಾಡಿಸನ್ ದಿನದಿನವೂ ಬರೆದಿಟ್ಟ ಟಿಪ್ಪಣಿ. ಅದು ಅವನ ಮರಣಾನಂತರ 1840ರಲ್ಲಿ ಅಚ್ಚಾಯಿತು.

ಹಳೆಯ ಕರಾರನ್ನು ತಿದ್ದಲೆಂದು ಸೇರಿದವರು ಅದನ್ನು ಬದಿಗಿಟ್ಟು ಹೊಸ ಸಂವಿಧಾನವನ್ನೇ ರಚಿಸಿದರು. ದೊಡ್ಡ ಸಂಸ್ಥಾನಗಳು ಜನಸಂಖ್ಯೆಗೆ ಅನುಗುಣವಾದ ಪ್ರಾತಿನಿಧ್ಯವನ್ನು ಕೇಳಿದವು, ಚಿಕ್ಕವು ಸಮಾನ ಪ್ರಾತಿನಿಧ್ಯವನ್ನು. ಕೊನೆಗೆ ಎರಡು ಸದನಗಳ ಏರ್ಪಾಡಾಯಿತು: ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆಗೆ ತಕ್ಕ ಸ್ಥಾನಗಳು, ಸೆನೆಟ್ಟಿನಲ್ಲಿ ಸಂಸ್ಥಾನಕ್ಕೆ ಎರಡರಂತೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಬೇರೆ ಬೇರೆಯಾಗಿ ಇರಿಸಿ, ಒಂದರ ಮೇಲೊಂದಕ್ಕೆ ಹಿಡಿತವಿರುವಂತೆ ಹೆಣೆಯಲಾಯಿತು. ಅಧ್ಯಕ್ಷನನ್ನು ಆರಿಸಲು ಪ್ರತಿ ಸಂಸ್ಥಾನದಿಂದಲೂ ನಿರ್ವಾಚಕರು ನೇಮಕವಾಗಬೇಕು. ಒಬ್ಬೊಬ್ಬ ನಿರ್ವಾಚಕನೂ ಎರಡು ಹೆಸರುಗಳಿಗೆ ಮತ ಕೊಡಬೇಕು. ಬಹುಮತದೊಂದಿಗೆ ಹೆಚ್ಚು ಮತ ಪಡೆದವನು ಅಧ್ಯಕ್ಷ, ಅವನ ನಂತರದವನು ಉಪಾಧ್ಯಕ್ಷ ಎಂದು ವಿಧಿಸಲಾಯಿತು.

ಈ ಕೊನೆಯ ಏರ್ಪಾಡನ್ನು ಗಮನವಿಟ್ಟು ನೋಡಬೇಕು. ಪಕ್ಷಗಳಿಲ್ಲದ ನಾಡಿನಲ್ಲಿ ಮಾತ್ರ ಅದು ನಡೆಯಬಲ್ಲದು. ನಿರ್ವಾಚಕರು ಪಕ್ಷಪಾತವಿಲ್ಲದೆ ನಾಡಿನ ಇಬ್ಬರು ಯೋಗ್ಯರನ್ನು ಹುಡುಕುವರು, ಮೊದಲನೆಯವನೂ ಎರಡನೆಯವನೂ ಒಂದೇ ಆಡಳಿತದಲ್ಲಿ ಹೊಂದಿಕೊಂಡು ದುಡಿಯುವರು ಎಂದು ಅವರು ನಂಬಿದ್ದರು. ಆ ಕಾಲದ ವಿದ್ಯಾವಂತರ ಎಣಿಕೆಯಲ್ಲಿ ಪಕ್ಷವೆಂದರೆ ಸ್ವಾರ್ಥಿಗಳ ಗುಂಪು, ರಾಜ್ಯಕ್ಕೆ ಅಂಟುವ ಜಾಡ್ಯ. ರೋಮ್ ಗಣರಾಜ್ಯವು ಗುಂಪುಗಾರಿಕೆಯಿಂದಲೇ ನಾಶವಾಯಿತೆಂದು ಅವರು ಓದಿದ್ದರು. ಆದುದರಿಂದ ಸಂವಿಧಾನದಲ್ಲಿ ಪಕ್ಷವೆಂಬ ಸಂಗತಿಗೆ ಸ್ಥಾನವೇ ದೊರೆಯಲಿಲ್ಲ.

ಇನ್ನೊಂದು ಸಂಗತಿಗೆ ಹೆಸರಿರಲಿಲ್ಲ, ಆದರೆ ಸ್ಥಾನವಿತ್ತು. ಅದು ಗುಲಾಮಗಿರಿ. ಆ ಶಬ್ದವನ್ನು ಎಲ್ಲಿಯೂ ಬಳಸದೆ, ಸುತ್ತುಬಳಸಿನ ಮಾತಿನಲ್ಲಿ ಮೂರು ವಿಧಿಗಳನ್ನು ಸೇರಿಸಲಾಯಿತು. ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕು. 1808ರ ವರೆಗೆ ಗುಲಾಮರ ಆಮದನ್ನು ಕೇಂದ್ರವು ನಿಷೇಧಿಸಕೂಡದು. ಓಡಿಹೋದ ಗುಲಾಮನನ್ನು ಒಡೆಯನಿಗೆ ಮರಳಿ ಒಪ್ಪಿಸಬೇಕು. 1790ರ ಮೊದಲ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 39 ಲಕ್ಷ. ಅವರಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರು. ಯಾರಿಗೆ ಮತ ಕೊಡುವ ಹಕ್ಕಿರಲಿಲ್ಲವೋ ಅವರ ತಲೆಯೆಣಿಕೆಯು ಅವರ ಒಡೆಯರ ರಾಜಕೀಯ ಬಲವನ್ನು ಹೆಚ್ಚಿಸಿತು.

ಅಂಗೀಕಾರಕ್ಕಾಗಿ ನಡೆದ ವಾದ

ಕೊನೆಯ ದಿನ 39 ಮಂದಿ ಸಹಿ ಹಾಕಿದರು. ಸಭೆಯಲ್ಲಿದ್ದೂ ಮೂವರು ಸಹಿಗೆ ಒಪ್ಪಲಿಲ್ಲ. ಒಂಬತ್ತು ಸಂಸ್ಥಾನಗಳು ಒಪ್ಪಿದರೆ ಅವುಗಳ ಮಟ್ಟಿಗೆ ಸಂವಿಧಾನವು ಜಾರಿಗೆ ಬರುವುದೆಂದು ನಿಯಮವಿತ್ತು. ಸಂಸ್ಥಾನಗಳಲ್ಲಿ ಇದಕ್ಕಾಗಿಯೇ ಆರಿಸಿದ ಸಭೆಗಳು ಸೇರಿ ತಿಂಗಳುಗಟ್ಟಲೆ ಚರ್ಚಿಸಿದವು. ಪರವಾದವರು ಫೆಡರಲಿಸ್ಟರೆಂದು ಕರೆದುಕೊಂಡರು. ಅಲೆಕ್ಸಾಂಡರ್ ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಎಂಬ ಮೂವರು ಒಂದೇ ಕಾವ್ಯನಾಮದಲ್ಲಿ 85 ಪ್ರಬಂಧಗಳನ್ನು ಪ್ರಕಟಿಸಿ ಸಂವಿಧಾನವನ್ನು ಸಮರ್ಥಿಸಿದರು. ವಿರೋಧಿಸಿದವರೂ ಸಾಮಾನ್ಯರಲ್ಲ. ವರ್ಜೀನಿಯದ ವಾಗ್ಮಿ ಪ್ಯಾಟ್ರಿಕ್ ಹೆನ್ರಿ, ಸಮಾವೇಶದಲ್ಲಿದ್ದು ಸಹಿ ಹಾಕದ ಜಾರ್ಜ್ ಮೇಸನ್ ಮುಂತಾದವರು, ದೂರದ ಪ್ರಬಲ ಸರ್ಕಾರವು ಸಂಸ್ಥಾನಗಳನ್ನು ನುಂಗುವುದೆಂದೂ, ಪ್ರಜೆಯ ಹಕ್ಕುಗಳ ಪಟ್ಟಿಯೇ ಅದರಲ್ಲಿಲ್ಲವೆಂದೂ ಆಕ್ಷೇಪಿಸಿದರು.

ಮತಗಳ ಅಂತರವನ್ನು ನೋಡಿದರೆ ಹೋರಾಟದ ತೀವ್ರತೆ ತಿಳಿಯುತ್ತದೆ. ಮ್ಯಾಸಚೂಸೆಟ್ಸಿನಲ್ಲಿ 187ಕ್ಕೆ 168, ವರ್ಜೀನಿಯದಲ್ಲಿ 89ಕ್ಕೆ 79, ನ್ಯೂಯಾರ್ಕಿನಲ್ಲಿ 30ಕ್ಕೆ 27. ಒಂಬತ್ತನೆಯದಾಗಿ ನ್ಯೂ ಹ್ಯಾಂಪ್‌ಷೈರ್ 1788ರ ಜೂನ್ 21ರಂದು ಒಪ್ಪಿತು. ಹಟ ಹಿಡಿದಿದ್ದ ರೋಡ್ ಐಲೆಂಡ್ 1790ರ ಮೇ ತಿಂಗಳಲ್ಲಿ 34ಕ್ಕೆ 32 ಮತಗಳಿಂದ ಕೊನೆಯವನಾಗಿ ಒಳಬಂದಿತು.

ಸೋತವರು ಆಯುಧ ಹಿಡಿಯಲಿಲ್ಲ. ಗೆದ್ದವರು ಸೋತವರ ಮಾತನ್ನು ಗಾಳಿಗೆ ತೂರಲಿಲ್ಲ. ಮ್ಯಾಡಿಸನ್ನನೇ 1789ರ ಜೂನ್ 8ರಂದು ಹಕ್ಕುಗಳ ತಿದ್ದುಪಡಿಗಳನ್ನು ಪ್ರತಿನಿಧಿ ಸಭೆಯ ಮುಂದಿಟ್ಟನು. ಕಾಂಗ್ರೆಸ್ಸು ಒಪ್ಪಿ ಕಳುಹಿಸಿದ ಹನ್ನೆರಡು ತಿದ್ದುಪಡಿಗಳಲ್ಲಿ ಹತ್ತು 1791ರ ಡಿಸೆಂಬರ್ 15ರಂದು ಊರ್ಜಿತವಾದವು. ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಮತಧರ್ಮದ ಸ್ವಾತಂತ್ರ್ಯಗಳನ್ನು ಕಾಂಗ್ರೆಸ್ಸು ಮೊಟಕುಗೊಳಿಸಕೂಡದೆಂಬುದು ಅವುಗಳಲ್ಲಿ ಮೊದಲನೆಯದು. ಹೀಗೆ, ಅಮೆರಿಕನ್ನರು ಇಂದಿಗೂ ಅತ್ಯಂತ ಹೆಮ್ಮೆಯಿಂದ ಹೇಳಿಕೊಳ್ಳುವ ಭಾಗವು ಸಂವಿಧಾನಕ್ಕೆ ಅದರ ವಿರೋಧಿಗಳಿಂದ ಬಂದ ಕೊಡುಗೆ.

ಒಂದೇ ಸಂಪುಟ, ಎರಡು ದಾರಿ

ಎಲ್ಲ 69 ನಿರ್ವಾಚಕರ ಮತವನ್ನೂ ಪಡೆದು ವಾಷಿಂಗ್‌ಟನ್ನನು 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಮೊದಲ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸಿದನು. ಜಾನ್ ಆಡಮ್ಸ್ ಉಪಾಧ್ಯಕ್ಷನಾದನು. ಅಧ್ಯಕ್ಷನನ್ನು ಯಾವ ಬಿರುದಿನಿಂದ ಸಂಬೋಧಿಸಬೇಕೆಂಬುದೇ ಮೊದಲ ವಿವಾದಗಳಲ್ಲೊಂದಾಯಿತು. ಭಾರಿ ಬಿರುದು ಬೇಕೆಂದು ಆಡಮ್ಸ್ ವಾದಿಸಿದನು. ಬರಿಯ ಅಧ್ಯಕ್ಷನೆಂಬ ಹೆಸರು ಸಾಕೆಂದು ಪ್ರತಿನಿಧಿ ಸಭೆ ಹೇಳಿತು. ಸರಳತೆಯೇ ಗೆದ್ದಿತು.

ನಿಜವಾದ ಭಿನ್ನಾಭಿಪ್ರಾಯ ತಲೆದೋರಿದ್ದು ಹಣಕಾಸಿನ ವಿಷಯದಲ್ಲಿ. ಖಜಾನೆಯ ಹೊಣೆ ಹೊತ್ತ ಹ್ಯಾಮಿಲ್ಟನ್ನನು, ಯುದ್ಧಕಾಲದ ಕೇಂದ್ರದ ಸಾಲವನ್ನಲ್ಲದೆ ಸಂಸ್ಥಾನಗಳ ಸಾಲವನ್ನೂ ಕೇಂದ್ರವೇ ವಹಿಸಿಕೊಳ್ಳಬೇಕೆಂದು 1790ರಲ್ಲಿ ಸೂಚಿಸಿದನು. ಒಟ್ಟು ಮೊತ್ತ 7.5 ಕೋಟಿ ಡಾಲರಿಗೂ ಮಿಕ್ಕಿತ್ತು. ಸಾಲಪತ್ರ ಹಿಡಿದ ಸಿರಿವಂತರ ಹಿತವು ಸರ್ಕಾರದ ಉಳಿವಿನೊಂದಿಗೆ ಬೆಸೆದುಕೊಂಡರೆ ಮಾತ್ರ ಹೊಸ ಗಣರಾಜ್ಯ ನಿಲ್ಲುವುದೆಂಬುದು ಅವನ ತರ್ಕ. ಆದರೆ ಆ ಪತ್ರಗಳಲ್ಲಿ ಬಹಳಷ್ಟನ್ನು ಬಡ ಸೈನಿಕರಿಂದಲೂ ರೈತರಿಂದಲೂ ಸಟ್ಟಾ ವ್ಯಾಪಾರಿಗಳು ಮೂರು ಕಾಸಿಗೆ ಕೊಂಡಿಟ್ಟಿದ್ದರು. ಲಾಭವು ಮೂಲತಃ ಸಾಲ ಕೊಟ್ಟವರಿಗೂ ಸಲ್ಲಬೇಕೆಂದು ಮ್ಯಾಡಿಸನ್ ವಾದಿಸಿ ಸೋತನು. ತಮ್ಮ ಸಾಲದ ಬಹುಭಾಗವನ್ನು ತೀರಿಸಿಕೊಂಡಿದ್ದ ವರ್ಜೀನಿಯದಂಥ ಸಂಸ್ಥಾನಗಳು ಪರರ ಸಾಲಕ್ಕೆ ತೆರಿಗೆ ಕೊಡಲು ಒಪ್ಪಲಿಲ್ಲ. ಕೊನೆಗೆ ರಾಜಧಾನಿಯನ್ನು ದಕ್ಷಿಣಕ್ಕೆ, ಪೊಟೋಮ್ಯಾಕ್ ನದಿಯ ದಡಕ್ಕೆ ಒಯ್ಯುವುದಕ್ಕೆ ಪ್ರತಿಯಾಗಿ ಸಾಲದ ಯೋಜನೆಗೆ ಒಪ್ಪಿಗೆ ದೊರೆಯಿತು.

1791ರಲ್ಲಿ ರಾಷ್ಟ್ರೀಯ ಬ್ಯಾಂಕಿನ ಪ್ರಶ್ನೆ ಬಂದಿತು. ಬ್ಯಾಂಕು ತೆರೆಯುವ ಅಧಿಕಾರವನ್ನು ಸಂವಿಧಾನವು ಎಲ್ಲಿಯೂ ಕೊಟ್ಟಿಲ್ಲ, ಆದ್ದರಿಂದ ಅದು ಅಸಿಂಧು ಎಂದು ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್ ಬರೆದನು. ಕೊಟ್ಟ ಅಧಿಕಾರಗಳನ್ನು ನಡೆಸಲು ಬೇಕಾದ ಸಾಧನಗಳೂ ಆ ಅಧಿಕಾರಗಳಲ್ಲಿಯೇ ಅಡಕವಾಗಿವೆಯೆಂದು ಹ್ಯಾಮಿಲ್ಟನ್ ಉತ್ತರಿಸಿದನು. ಅಧ್ಯಕ್ಷನು ಹ್ಯಾಮಿಲ್ಟನ್ನನ ಪಕ್ಷವನ್ನು ಹಿಡಿದು ಮಸೂದೆಗೆ ಸಹಿ ಹಾಕಿದನು. ಸಂವಿಧಾನದ ಮಸಿ ಆರುವ ಮೊದಲೇ ಅದರ ಅರ್ಥದ ಬಗ್ಗೆ ಎರಡು ವ್ಯಾಖ್ಯಾನ ಪರಂಪರೆಗಳು ಹುಟ್ಟಿದ್ದವು. ಫೆಡರಲಿಸ್ಟರು ಒಂದು ಕಡೆ, ಜೆಫರ್ಸನ್ ಮತ್ತು ಮ್ಯಾಡಿಸನ್ನರ ಸುತ್ತ ಸೇರಿದ ರಿಪಬ್ಲಿಕನ್ನರು ಇನ್ನೊಂದು ಕಡೆ. ಇಂದಿನ ರಿಪಬ್ಲಿಕನ್ ಪಕ್ಷ 1854ರಲ್ಲಿ ಹುಟ್ಟಿದ್ದು, ಇದಕ್ಕೂ ಅದಕ್ಕೂ ಹೆಸರಷ್ಟೇ ಸಮಾನ. ಎರಡು ಬಣಗಳಿಗೂ ತಮ್ಮ ತಮ್ಮ ಪತ್ರಿಕೆಗಳು ಹುಟ್ಟಿಕೊಂಡವು. ಪಕ್ಷಗಳು ಬೇಡವೆಂದವರೇ ಪಕ್ಷಗಳನ್ನು ಕಟ್ಟಿದರು. ಕಟ್ಟಿದರೂ, ತಮ್ಮದು ದೇಶ, ಎದುರಿನದು ಮಾತ್ರ ಪಕ್ಷ ಎಂದು ಬಗೆದರು.

ಹೊರಗಿನ ಬಿರುಗಾಳಿ

1793ರಲ್ಲಿ ಕ್ರಾಂತಿಕಾರಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಆರಂಭವಾಯಿತು. ಸ್ವಾತಂತ್ರ್ಯ ಸಮರದಲ್ಲಿ ನೆರವಾದ ಫ್ರಾನ್ಸಿನ ಋಣವನ್ನು ರಿಪಬ್ಲಿಕನ್ನರು ನೆನೆದರು. ಅಲ್ಲಿಯ ರಕ್ತಪಾತವನ್ನು ಕಂಡು ಫೆಡರಲಿಸ್ಟರು ನಡುಗಿದರು. ವಾಷಿಂಗ್‌ಟನ್ನನು ಯಾವ ಕಡೆಗೂ ಸೇರದೆ ತಾಟಸ್ಥ್ಯವನ್ನು ಸಾರಿದನು. ಇಂಗ್ಲೆಂಡಿನೊಂದಿಗೆ ಜಾನ್ ಜೇ ಮಾಡಿಕೊಂಡ ಒಪ್ಪಂದಕ್ಕೆ 1795ರಲ್ಲಿ ಸೆನೆಟ್ಟು 20ಕ್ಕೆ 10ರಂತೆ, ಅಗತ್ಯವಾದ ಮೂರನೆಯ ಎರಡು ಬಹುಮತಕ್ಕೆ ಸರಿಯಾಗಿ, ಒಪ್ಪಿಗೆ ಕೊಟ್ಟಿತು. ಬೀದಿಗಳಲ್ಲಿ ಜೇಯ ಪ್ರತಿಕೃತಿಗಳನ್ನು ಸುಟ್ಟರು.

ಒಳಗೂ ನೆಮ್ಮದಿಯಿರಲಿಲ್ಲ. ವಿಸ್ಕಿಯ ಮೇಲೆ ಹಾಕಿದ ಅಬಕಾರಿ ಸುಂಕದ ವಿರುದ್ಧ 1794ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯದ ರೈತರು ದಂಗೆಯೆದ್ದರು. ಬೆಟ್ಟಗಳಾಚೆ ಧಾನ್ಯವನ್ನು ಸಾಗಿಸುವುದು ದುಬಾರಿಯಾದುದರಿಂದ ಅದನ್ನು ಬಟ್ಟಿಯಿಳಿಸಿ ಮಾರುವುದೇ ಅವರ ಬದುಕಾಗಿತ್ತು. ವಾಷಿಂಗ್‌ಟನ್ನನು ಸುಮಾರು 13 ಸಾವಿರ ಮಂದಿಯ ನಾಗರಿಕ ಪಡೆಯನ್ನು ಕಳುಹಿಸಿದನು. ದಂಗೆ ಕರಗಿಹೋಯಿತು. ದೇಶದ್ರೋಹದ ಅಪರಾಧಿಗಳೆಂದು ತೀರ್ಮಾನವಾದ ಇಬ್ಬರನ್ನೂ ಅವನು ಕ್ಷಮಿಸಿದನು. ಕಾನೂನಿನ ಬಲವೂ, ಬಲವಂತನ ಸಂಯಮವೂ ಒಟ್ಟಿಗೆ ಕಂಡ ಪ್ರಸಂಗವಿದು. ಆದರೂ, ಸರ್ಕಾರವನ್ನು ಟೀಕಿಸುತ್ತಿದ್ದ ಜನಸಂಘಗಳೇ ದಂಗೆಗೆ ಕಾರಣವೆಂದು ಅವನೂ ಬಹಿರಂಗವಾಗಿ ದೂಷಿಸಿದನು. ಟೀಕೆಗೂ ದಂಗೆಗೂ ನಡುವಣ ಗೆರೆ ಅವನಿಗೂ ಸ್ಪಷ್ಟವಾಗಿರಲಿಲ್ಲ.

ಮೂರನೆಯ ಅವಧಿಗೆ ನಿಲ್ಲದೆ ಅವನು 1796ರಲ್ಲಿ ವಿದಾಯ ಹೇಳಿದನು. ಅಧಿಕಾರವನ್ನು ತಾನಾಗಿ ಬಿಟ್ಟ ಆ ನಡೆ ಒಂದು ಮೇಲ್ಪಂಕ್ತಿಯಾಯಿತು. ಆದರೆ ಅದು ಸೋತು ಬಿಟ್ಟುದಲ್ಲ. ಸೋತು ಬಿಡುವ ಪರೀಕ್ಷೆ ಇನ್ನೂ ಮುಂದಿತ್ತು.

ರಾಜನಿಲ್ಲದ ನಾಡಿನಲ್ಲಿ ರಾಜದ್ರೋಹ

1796ರ ಚುನಾವಣೆಯಲ್ಲಿ ಫೆಡರಲಿಸ್ಟನಾದ ಆಡಮ್ಸ್ 71 ಮತಗಳಿಂದ ಅಧ್ಯಕ್ಷನಾದನು. ಎದುರಾಳಿ ಜೆಫರ್ಸನ್ 68 ಮತಗಳಿಂದ ಉಪಾಧ್ಯಕ್ಷನಾದನು. ಪಕ್ಷಗಳಿಲ್ಲವೆಂದು ನಂಬಿ ರಚಿಸಿದ ವಿಧಿಯು ಇಬ್ಬರು ಪ್ರತಿಸ್ಪರ್ಧಿಗಳನ್ನು ಒಂದೇ ನೊಗಕ್ಕೆ ಕಟ್ಟಿತು.

ಫ್ರಾನ್ಸಿನೊಂದಿಗೆ ವಿರಸ ಬೆಳೆಯಿತು. ಅಮೆರಿಕದ ರಾಯಭಾರಿಗಳೊಡನೆ ಮಾತಾಡಲು ಫ್ರೆಂಚ್ ಮಧ್ಯಸ್ಥರು ಲಂಚ ಕೇಳಿದ ಸುದ್ದಿ 1798ರಲ್ಲಿ ಬಯಲಾಗಲು ಯುದ್ಧದ ಕೂಗೆದ್ದಿತು. ಈ ಆವೇಶದಲ್ಲಿ ಫೆಡರಲಿಸ್ಟ್ ಬಹುಮತದ ಕಾಂಗ್ರೆಸ್ಸು ಪರದೇಶೀಯರನ್ನು ಕುರಿತ ಕಾನೂನುಗಳನ್ನೂ, ಜುಲೈ 14ರಂದು ರಾಜದ್ರೋಹದ ಕಾನೂನನ್ನೂ ಮಾಡಿತು. ಸರ್ಕಾರ, ಕಾಂಗ್ರೆಸ್ಸು, ಅಧ್ಯಕ್ಷ ಇವರ ವಿರುದ್ಧ ದುರುದ್ದೇಶದಿಂದ ಸುಳ್ಳು ನಿಂದೆಯನ್ನು ಬರೆದವರಿಗೆ 2,000 ಡಾಲರ್ ವರೆಗೆ ದಂಡ, ಎರಡು ವರ್ಷದ ವರೆಗೆ ಸೆರೆ. ಬರೆದುದು ನಿಜವೆಂದು ಸಾಧಿಸಲು ಅವಕಾಶವಿತ್ತೆಂಬುದನ್ನು ಒಪ್ಪಬೇಕು. ಇಂಗ್ಲೆಂಡಿನ ಸಾಂಪ್ರದಾಯಿಕ ಕಾನೂನಿನಲ್ಲಿ ಅದೂ ಇರಲಿಲ್ಲ. ಆದರೆ ಅಭಿಪ್ರಾಯವನ್ನು ನಿಜವೆಂದು ಸಾಧಿಸುವುದು ಹೇಗೆ? ಕಾನೂನಿನ ಕಾಪು ಪಡೆದವರ ಪಟ್ಟಿಯಲ್ಲಿ ಉಪಾಧ್ಯಕ್ಷನ ಹೆಸರಿರಲಿಲ್ಲ, ಏಕೆಂದರೆ ಅವನು ಎದುರುಪಕ್ಷದವನು. ಕಾನೂನು 1801ರ ಮಾರ್ಚ್ 3ಕ್ಕೆ, ಅಂದರೆ ಆಡಮ್ಸನ ಅವಧಿಯ ಕೊನೆಯ ದಿನಕ್ಕೆ, ತಾನಾಗಿ ಮುಗಿಯುವಂತಿತ್ತು. ಉದ್ದೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವರ್ಮಾಂಟಿನ ರಿಪಬ್ಲಿಕನ್ ಪ್ರತಿನಿಧಿ ಮ್ಯಾಥ್ಯೂ ಲಯನ್ ಅಧ್ಯಕ್ಷನನ್ನು ಟೀಕಿಸಿ ಬರೆದುದಕ್ಕಾಗಿ ನಾಲ್ಕು ತಿಂಗಳ ಸೆರೆಯನ್ನೂ 1,000 ಡಾಲರ್ ದಂಡವನ್ನೂ ಅನುಭವಿಸಿದನು. ಅವನು ಸೆರೆಯಲ್ಲಿರುವಾಗಲೇ ಅವನ ಕ್ಷೇತ್ರದ ಜನರು ಅವನನ್ನು ಮತ್ತೆ ಆರಿಸಿದರು. ಹಲವು ಪತ್ರಿಕಾ ಸಂಪಾದಕರು ಶಿಕ್ಷೆಗೊಳಗಾದರು. ಹಕ್ಕುಗಳ ತಿದ್ದುಪಡಿ ಊರ್ಜಿತವಾಗಿ ಏಳು ವರ್ಷವೂ ತುಂಬಿರಲಿಲ್ಲ.

ರಿಪಬ್ಲಿಕನ್ನರ ಉತ್ತರವೂ ದೋಷಮುಕ್ತವಾಗಿರಲಿಲ್ಲ. ಕೆಂಟಕಿ ಮತ್ತು ವರ್ಜೀನಿಯದ ಶಾಸನಸಭೆಗಳ ಮೂಲಕ ಜೆಫರ್ಸನ್ನನೂ ಮ್ಯಾಡಿಸನ್ನನೂ ಹೆಸರು ಮರೆಸಿ ಬರೆದುಕೊಟ್ಟ ನಿರ್ಣಯಗಳು, ಸಂವಿಧಾನಬಾಹಿರವಾದ ಕೇಂದ್ರದ ಕಾನೂನನ್ನು ತೀರ್ಮಾನಿಸುವ ಹಕ್ಕು ಸಂಸ್ಥಾನಗಳಿಗಿದೆ ಎಂದು ಸಾರಿದವು. ಒಕ್ಕೂಟವನ್ನು ಒಡೆಯಬಲ್ಲ ಬೀಜ ಆ ಮಾತಿನಲ್ಲಿತ್ತು. ಭಯಗೊಂಡ ಆಡಳಿತ ಪಕ್ಷವು ಬಾಯಿ ಕಟ್ಟಲು ಹೊರಟಿತು. ಬಾಯಿ ಕಟ್ಟಿಸಿಕೊಂಡವರು ನಂಟನ್ನೇ ಕಡಿಯುವ ಮಾತಿಗೆ ಬಂದರು.

1800ರ ಚುನಾವಣೆ

ಆಡಮ್ಸನಿಗೆ ಸಲ್ಲಬೇಕಾದ ಗೌರವವೊಂದಿದೆ. ಯುದ್ಧ ಮಾಡಿದ್ದರೆ ಅವನ ಪಕ್ಷಕ್ಕೆ ಲಾಭವಿತ್ತು. ಅವನು ಫ್ರಾನ್ಸಿನೊಂದಿಗೆ ಸಂಧಿಯನ್ನು ಆರಿಸಿದನು. ಅದರಿಂದ ಪಕ್ಷವು ಒಡೆಯಿತು. ಹ್ಯಾಮಿಲ್ಟನ್ನನು ತನ್ನ ಪಕ್ಷದ ಅಧ್ಯಕ್ಷನನ್ನೇ ಖಂಡಿಸಿ ದೀರ್ಘವಾದ ಪತ್ರವನ್ನು ಅಚ್ಚು ಹಾಕಿಸಿದನು.

1800ರ ಫಲಿತಾಂಶದಲ್ಲಿ ಆಡಮ್ಸನಿಗೆ 65 ಮತಗಳು ಬಂದವು. ರಿಪಬ್ಲಿಕನ್ನರ ಇಬ್ಬರು ಅಭ್ಯರ್ಥಿಗಳಾದ ಜೆಫರ್ಸನ್ನನಿಗೂ ನ್ಯೂಯಾರ್ಕಿನ ಏರನ್ ಬರ್ ಎಂಬವನಿಗೂ ತಲಾ 73. ಬರ್ ಉಪಾಧ್ಯಕ್ಷನಾಗಬೇಕೆಂಬುದು ಎಲ್ಲರಿಗೂ ಗೊತ್ತಿದ್ದರೂ, ಮತಪತ್ರದಲ್ಲಿ ಹಾಗೆ ಬೇರ್ಪಡಿಸಿ ಹೇಳಲು ಸಂವಿಧಾನದಲ್ಲಿ ಅವಕಾಶವಿರಲಿಲ್ಲ. ಸಮಬಲವಾದುದರಿಂದ ತೀರ್ಮಾನವು ಪ್ರತಿನಿಧಿ ಸಭೆಗೆ ಬಂದಿತು. ಅಲ್ಲಿ ಸಂಸ್ಥಾನಕ್ಕೊಂದು ಮತ, ಹದಿನಾರರಲ್ಲಿ ಒಂಬತ್ತು ಬೇಕು. ಸಭೆಯಾದರೋ ಹಳೆಯದು, ಫೆಡರಲಿಸ್ಟರ ಬಹುಮತವುಳ್ಳದ್ದು. ಚುನಾವಣೆಯಲ್ಲಿ ಸೋತವರ ಕೈಗೆ ಗೆದ್ದವರಲ್ಲಿ ಯಾರು ಅಧ್ಯಕ್ಷನೆಂಬ ತೀರ್ಪು ಸಿಕ್ಕಿತು. ಬರ್ ತಾನಾಗಿ ಹಿಂದೆ ಸರಿಯಲಿಲ್ಲ.

1801ರ ಫೆಬ್ರವರಿ 11ರಂದು ಮತದಾನ ಆರಂಭವಾಯಿತು. ಜೆಫರ್ಸನ್ನನಿಗೆ ಎಂಟು ಸಂಸ್ಥಾನ, ಬರ್‌ನಿಗೆ ಆರು, ಒಳಗೇ ಸಮವಾಗಿ ಒಡೆದವು ಎರಡು. ಹೀಗೆ 35 ಸುತ್ತುಗಳು ನಡೆದರೂ ಗಂಟು ಬಿಚ್ಚಲಿಲ್ಲ. ಚುನಾವಣೆಯನ್ನು ಕಸಿದುಕೊಂಡರೆ ನಾಗರಿಕ ಪಡೆಗಳನ್ನು ಕರೆಯಲು ವರ್ಜೀನಿಯ ಮತ್ತು ಪೆನ್ಸಿಲ್ವೇನಿಯದ ಗವರ್ನರುಗಳು ಸಿದ್ಧರಾಗಿದ್ದರು. ಅಧಿಕಾರಾವಧಿ ಮುಗಿಯಲು ಮೂರು ವಾರವೂ ಉಳಿದಿರಲಿಲ್ಲ. ಬರ್‌ನನ್ನು ನಂಬಲಾಗದು, ಜೆಫರ್ಸನ್ನನೇ ಲೇಸೆಂದು, ಜೆಫರ್ಸನ್ನನ ಕಡು ವಿರೋಧಿಯಾದ ಹ್ಯಾಮಿಲ್ಟನ್ನನೇ ತನ್ನವರಿಗೆ ಪತ್ರ ಬರೆದನು. ಕೊನೆಗೆ ಡೆಲವೇರಿನ ಏಕಮಾತ್ರ ಪ್ರತಿನಿಧಿಯಾದ ಫೆಡರಲಿಸ್ಟ್ ಜೇಮ್ಸ್ ಬೇಯರ್ಡ್ ಹಟವನ್ನು ಬಿಟ್ಟನು. ಫೆಬ್ರವರಿ 17ರಂದು, 36ನೆಯ ಸುತ್ತಿನಲ್ಲಿ, ಕೆಲವು ಫೆಡರಲಿಸ್ಟರು ಮತ ಕೊಡದೆ ಹಿಂದೆ ಸರಿದುದರಿಂದ ಜೆಫರ್ಸನ್ ಹತ್ತು ಸಂಸ್ಥಾನಗಳಿಂದ ಗೆದ್ದನು. ವರ್ಮಾಂಟಿನ ಎರಡು ಸ್ಥಾನಗಳಲ್ಲಿ ಒಂದರ ಫೆಡರಲಿಸ್ಟ್ ಸದಸ್ಯ ಸರಿದು ನಿಂತುದರಿಂದ ಆ ಸಂಸ್ಥಾನದ ಮತವನ್ನು ಕೊಟ್ಟವನು ಇನ್ನೊಬ್ಬ ಸದಸ್ಯ, ರಾಜದ್ರೋಹದ ಕಾನೂನಿನಿಂದ ಸೆರೆ ಕಂಡಿದ್ದ ಮ್ಯಾಥ್ಯೂ ಲಯನ್.

ಮಾರ್ಚ್ 4ರ ನಸುಕಿನಲ್ಲಿ ಆಡಮ್ಸ್ ಯಾರಿಗೂ ಹೇಳದೆ ರಾಜಧಾನಿಯಿಂದ ಹೊರಟುಹೋದನು. ಉತ್ತರಾಧಿಕಾರಿಯ ಪ್ರಮಾಣವಚನಕ್ಕೆ ನಿಲ್ಲಲಿಲ್ಲ. ಅವನ ಮನಸ್ಸು ಮುದುಡಿತ್ತು, ಆದರೆ ಅವನು ಹೋದನು. ಯಾವ ಸೇನೆಯನ್ನೂ ಕರೆಯಲಿಲ್ಲ. ಜೆಫರ್ಸನ್ ತಂಗಿದ್ದ ವಸತಿಗೃಹದಿಂದ ಕಾಲ್ನಡಿಗೆಯಲ್ಲಿ ಸಂಸತ್ ಭವನಕ್ಕೆ ಬಂದು ಪ್ರಮಾಣವಚನ ಸ್ವೀಕರಿಸಿದನು. ಅದನ್ನು ಬೋಧಿಸಿದವನು, ಆಡಮ್ಸ್ ಕೆಲವೇ ವಾರಗಳ ಹಿಂದೆ ನೇಮಿಸಿದ್ದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಜೆಫರ್ಸನ್ನನ ಬಂಧುವೂ ಹೌದು, ರಾಜಕೀಯ ವಿರೋಧಿಯೂ ಹೌದು. ಎರಡು ಪಕ್ಷಗಳವರೂ ಒಂದೇ ತತ್ತ್ವದ ಮಕ್ಕಳೆಂದೂ, ಗಣರಾಜ್ಯವೇ ಬೇಡವೆನ್ನುವವರಿದ್ದರೂ ಅವರನ್ನು ಅವರ ಪಾಡಿಗೆ ಬಿಡಬೇಕೆಂದೂ, ವಿವೇಚನೆ ಸ್ವತಂತ್ರವಾಗಿರುವಲ್ಲಿ ತಪ್ಪು ಅಭಿಪ್ರಾಯವನ್ನು ಸಹಿಸಲು ಹೆದರಬೇಕಿಲ್ಲವೆಂದೂ ಹೊಸ ಅಧ್ಯಕ್ಷನು ಹೇಳಿದನು. ರಾಜದ್ರೋಹದ ಕಾನೂನಿನಲ್ಲಿ ಶಿಕ್ಷೆಗೊಳಗಾದವರಿಗೆ ಕ್ಷಮೆ ದೊರೆಯಿತು. ವಿಸ್ಕಿಯ ಸುಂಕ 1802ರಲ್ಲಿ ರದ್ದಾಯಿತು. ಆದರೆ ತಾನು ಅಸಿಂಧುವೆಂದಿದ್ದ ಬ್ಯಾಂಕನ್ನು ಅವನು ಮುಚ್ಚಿಸಲಿಲ್ಲ. ಅದು 1811ರಲ್ಲಿ ಸನದಿನ ಅವಧಿ ಮುಗಿಯುವವರೆಗೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷರಿಗೆ ಪ್ರತ್ಯೇಕ ಮತವೆಂದು 1804ರ ಹನ್ನೆರಡನೆಯ ತಿದ್ದುಪಡಿ ವಿಧಿಸಿತು. ಹೀಗೆ ಪಕ್ಷವೆಂಬ ಹೆಸರನ್ನು ಹೇಳದೆಯೇ ಸಂವಿಧಾನವು ಪಕ್ಷಗಳ ಅಸ್ತಿತ್ವವನ್ನು ಒಪ್ಪಿಕೊಂಡಿತು.

ಮಾಸದ ಕಲೆ

ಈ ಸಾಧನೆಯನ್ನು ಹೊಗಳುವಾಗ ಅದರ ಇನ್ನೊಂದು ಮಗ್ಗುಲನ್ನು ಮರೆಮಾಡಲಾಗದು. ಗುಲಾಮರ ಎಣಿಕೆಯಿಂದ ದಕ್ಷಿಣದ ಸಂಸ್ಥಾನಗಳಿಗೆ ದೊರೆತ ಹೆಚ್ಚಿನ ನಿರ್ವಾಚಕರಿಲ್ಲದಿದ್ದರೆ 1800ರಲ್ಲಿ ಆಡಮ್ಸನೇ ಗೆಲ್ಲುತ್ತಿದ್ದನೆಂದು ಇತಿಹಾಸಕಾರರು ಲೆಕ್ಕ ಹಾಕಿ ತೋರಿಸಿದ್ದಾರೆ. ಅದೇ ವರ್ಷದ ಆಗಸ್ಟಿನಲ್ಲಿ ವರ್ಜೀನಿಯದ ರಿಚ್‌ಮಂಡ್ ನಗರದ ಬಳಿ ಗೇಬ್ರಿಯಲ್ ಎಂಬ ಗುಲಾಮ ಕಮ್ಮಾರನು ಸ್ವಾತಂತ್ರ್ಯಕ್ಕಾಗಿ ದಂಗೆ ಹೂಡಿದ್ದನು. ಸುಳಿವು ಸಿಕ್ಕಿ ಅದು ಮುರಿಯಿತು; ಅವನನ್ನೂ ಅವನ ಇಪ್ಪತ್ತಕ್ಕೂ ಹೆಚ್ಚು ಸಂಗಡಿಗರನ್ನೂ ಗಲ್ಲಿಗೇರಿಸಲಾಯಿತು. ಒಡೆಯರು ಒಬ್ಬರಿಗೊಬ್ಬರು ರಕ್ತವಿಲ್ಲದೆ ಅಧಿಕಾರವನ್ನು ಹಸ್ತಾಂತರಿಸಿದರು. ಸ್ವಾತಂತ್ರ್ಯವನ್ನು ಬಯಸಿದ ಗುಲಾಮರಿಗೆ ದೊರೆತದ್ದು ನೇಣು. ಭಿನ್ನಮತವನ್ನು ಸಹಿಸುವ ಧರ್ಮವು ಮತವೇ ಇಲ್ಲದವರ ಮನೆಬಾಗಿಲಿಗೆ ಬರಲಿಲ್ಲ.

ಅದರ ಫಲವನ್ನು ಗಣರಾಜ್ಯವು ಉಣ್ಣಲೇಬೇಕಾಯಿತು. 1860ರಲ್ಲಿ ಅಬ್ರಹಾಂ ಲಿಂಕನ್ ಚುನಾಯಿತನಾದಾಗ ದಕ್ಷಿಣದ ಸಂಸ್ಥಾನಗಳು ಸೋಲನ್ನು ಒಪ್ಪದೆ ಒಕ್ಕೂಟದಿಂದ ಹೊರನಡೆದವು. 1861ರಿಂದ 1865ರ ವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರು ಸತ್ತರು. ಗುಲಾಮಗಿರಿ ಅಳಿದದ್ದು ಅದರ ಕೊನೆಯಲ್ಲಿ, 1865ರ ಹದಿಮೂರನೆಯ ತಿದ್ದುಪಡಿಯಿಂದ. 1801ರಲ್ಲಿ ಸೋತವರು ಮನೆಗೆ ಹೋದರು, ಗಣರಾಜ್ಯ ಉಳಿಯಿತು. 1860ರಲ್ಲಿ ಸೋತವರು ಹಾಗೆ ಮಾಡಲಿಲ್ಲ, ನಾಡು ಉರಿಯಿತು. ಅಷ್ಟು ಹಿಂದೆ ಹೋಗಬೇಕಾಗಿಯೂ ಇಲ್ಲ. 2021ರ ಜನವರಿ 6ರಂದು ಅಧ್ಯಕ್ಷ ಚುನಾವಣೆಯ ಮತಗಳನ್ನು ಎಣಿಸಲು ಕಾಂಗ್ರೆಸ್ಸು ಸೇರಿದ್ದಾಗ ಫಲಿತಾಂಶವನ್ನು ಒಪ್ಪದ ಜನಸಂದಣಿಯು ಸಂಸತ್ ಭವನಕ್ಕೆ ನುಗ್ಗಿತು. ಗಂಟೆಗಳ ಕಾಲ ಎಣಿಕೆ ನಿಂತು, ಆ ರಾತ್ರಿ ಮತ್ತೆ ಮುಂದುವರಿದು ಮುಗಿಯಿತು. ಎರಡು ಶತಮಾನಗಳ ರೂಢಿಯೂ ಪ್ರತಿ ಬಾರಿ ಹೊಸದಾಗಿ ಪಾಲಿಸಿದರಷ್ಟೇ ಉಳಿಯುವಂಥದು.

ಉಪಸಂಹಾರ

ಭಾರತದ ಸಂವಿಧಾನವೂ 1950ರಲ್ಲಿ ಜಾರಿಗೆ ಬಂದಾಗ ರಾಜಕೀಯ ಪಕ್ಷಗಳ ಮಾತೆತ್ತಿರಲಿಲ್ಲ. ಅವುಗಳ ಉಲ್ಲೇಖ ಬಂದುದು 1985ರ 52ನೆಯ ತಿದ್ದುಪಡಿಯಿಂದ. ಕೇಂದ್ರದಲ್ಲಿ ಆಳುವ ಪಕ್ಷವು ಮೊದಲ ಬಾರಿಗೆ ಸೋತು ಸ್ಥಾನವನ್ನು ಬಿಟ್ಟುಕೊಟ್ಟದ್ದು 1977ರಲ್ಲಿ. ದೇಶ ಯಾವುದಾದರೂ ಆಗಲಿ, ಗಣರಾಜ್ಯದ ಪ್ರಾಯಪ್ರಬುದ್ಧತೆಯನ್ನು ಗುರುತಿಸಬೇಕಾದುದು ಅದರ ಸಂವಿಧಾನವು ಸಹಿಯಾದ ದಿನದಿಂದಲ್ಲ, ಸೋತವನು ಬೀಗದ ಕೈಯನ್ನು ಗೆದ್ದವನ ಕೈಗಿತ್ತ ದಿನದಿಂದ. ಸೋತವನು ಹಾಗೆ ಮಾಡಬೇಕಾದರೆ ಅವನಿಗೊಂದು ಭರವಸೆ ಬೇಕು: ನಾಳೆ ತನ್ನ ಬಾಯಿ ಕಟ್ಟಲಾರರು, ಮರುಚುನಾವಣೆಯಲ್ಲಿ ತಾನೂ ಗೆಲ್ಲಬಹುದು ಎಂಬ ಭರವಸೆ. ಆ ಭರವಸೆಯನ್ನು ಕೊಡುವ ಹೊಣೆ ಗೆದ್ದವನದು.

ಆಡಮ್ಸ್ ಮತ್ತು ಜೆಫರ್ಸನ್ ಅನೇಕ ವರ್ಷ ಮಾತು ಬಿಟ್ಟಿದ್ದರು. 1812ರಲ್ಲಿ ಆಡಮ್ಸನೇ ಮೊದಲು ಪತ್ರ ಬರೆದನು. ಅಲ್ಲಿಂದ ಮುಂದೆ, ಕೊನೆಗಾಲದವರೆಗೂ, ಇಬ್ಬರು ಮುದುಕರೂ ತಮ್ಮ ಹಳೆಯ ಜಗಳಗಳನ್ನು ಪತ್ರಗಳಲ್ಲಿ ನಿಧಾನವಾಗಿ ಬಿಡಿಸುತ್ತ ಹೋದರು. ಅನೇಕ ವಿಷಯಗಳಲ್ಲಿ ಕೊನೆಯವರೆಗೂ ಒಮ್ಮತಕ್ಕೆ ಬರಲಿಲ್ಲ. ಸ್ವಾತಂತ್ರ್ಯ ಘೋಷಣೆಯ ಐವತ್ತನೆಯ ವರ್ಷದ ದಿನ, 1826ರ ಜುಲೈ 4ರಂದು, ಕೆಲವೇ ಗಂಟೆಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ಒಮ್ಮತಕ್ಕೆ ಬಾರದೆಯೂ ಒಂದೇ ನಾಡಿನವರಾಗಿ ಬಾಳಬಹುದೆಂಬುದನ್ನು ಅವರು ತಮ್ಮ ಸಂವಿಧಾನದಿಂದ ಕಲಿತದ್ದಲ್ಲ, ತಮ್ಮ ತಪ್ಪುಗಳಿಂದ ಕಲಿತದ್ದು.